ತಂದೆಗೆ ಮಕ್ಕಳ ಕೈಗಾಣಿಕೆ

ನಮ್ಮ ಪುರಾಣೇತಿಹಾಸಗಳಲ್ಲಿ ಮಕ್ಕಳು ತಂದೆಗೆ ಕೊಟ್ಟ ಕಾಣಿಕೆಗಳೆಲ್ಲ ಬಹು ದುಬಾರಿಯವು. ದೇವವ್ರತನು ಶಂತನುವಿಗೆ ಕೊಟ್ಟದ್ದು ತನ್ನ ರಾಜ್ಯವನ್ನಷ್ಟೇ ಅಲ್ಲ, ತನಗೆ ಹುಟ್ಟಬಹುದಾಗಿದ್ದ ಮಕ್ಕಳನ್ನು ಕೂಡ. ದಶರಥನ ಮಾತನ್ನು ಉಳಿಸಲು ರಾಮನು ತನ್ನ ಬಾಳಿನ ಹದಿನಾಲ್ಕು ವರ್ಷಗಳನ್ನು ಕಾಡಿಗೆ ಕೊಟ್ಟ. ಯಯಾತಿಯ ಕಥೆಯಂತೂ ಎದೆ ನಡುಗಿಸುವಂಥದು. ಮುಪ್ಪಿನ ಶಾಪ ಹೊತ್ತ ತಂದೆ ಮಕ್ಕಳೆದುರು ಕೈಚಾಚಿದಾಗ ಯದು ಮೊದಲಾದ ನಾಲ್ವರು ಒಲ್ಲೆವೆಂದರು. ಕಿರಿಯನಾದ ಪುರು ತನ್ನ ಯೌವನವನ್ನೇ ಕಳಚಿ ಕೊಟ್ಟ. ಗಿರೀಶ ಕಾರ್ನಾಡರು ೧೯೬೧ರಲ್ಲಿ ಪ್ರಕಟವಾದ ತಮ್ಮ ಮೊದಲ ನಾಟಕಕ್ಕೆ ಈ ಕಥೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ಕಾವ್ಯಪಾಠ ಹೇಳುವವರಿಗೆ ಈ ಪ್ರಸಂಗಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಒಂದು ಸಂಗತಿ ಹೊಳೆಯದೆ ಇರದು: ಮಗುವೊಂದು ತನ್ನ ಕೈಯಾರೆ ಮಾಡಿದ ಸಣ್ಣ ವಸ್ತುವನ್ನು ತಂದೆ ನಕ್ಕು ಸ್ವೀಕರಿಸಿದ ಕಥೆ ನಮ್ಮಲ್ಲಿ ಅಪರೂಪ. ಸಂಪ್ರದಾಯವು ಮಗನಿಂದ ತಂದೆಗೆ ನಿಗದಿಮಾಡಿರುವ ಅಗ್ಗದ ಕಾಣಿಕೆ ಒಂದಿದೆ ನಿಜ. ಒಂದು ಹಿಡಿ ಎಳ್ಳು, ಒಂದು ಬೊಗಸೆ ನೀರು. ಆದರೆ ಅದನ್ನು ಪಡೆಯುವುದಕ್ಕೆ ತಂದೆ ಸಾಯಬೇಕು.

ಬದುಕಿರುವ ತಂದೆಗೆ ಕೊಡುವ ಮಾತು ಈಗ ಜೂನ್ ತಿಂಗಳಲ್ಲಿ ಕೇಳಿಬರುತ್ತದೆ. ಜೂನ್ ಕಾಲಿಟ್ಟಿತೆಂದರೆ ಬೆಂಗಳೂರಿನ ದಂಡು ಪ್ರದೇಶದ ಅಂಗಡಿಗಳಲ್ಲಿ, ಕಮರ್ಷಿಯಲ್ ಸ್ಟ್ರೀಟಿನಿಂದ ಹಿಡಿದು ಇಂದಿರಾನಗರದ ನೂರಡಿ ರಸ್ತೆಯವರೆಗೆ, ಅಪ್ಪಂದಿರ ದಿನದ ಸರಕು ಗಾಜಿನ ಹಿಂದೆ ಬಂದು ಕುಳಿತುಕೊಳ್ಳುತ್ತದೆ. ಪಿಂಗಾಣಿ ಲೋಟ, ಬೀಗದ ಕೈಗೊಂಚಲು, ಕಂಠಕೌಪೀನ, ಹಾಡುವ ಶುಭಾಶಯ ಪತ್ರ. ಈ ದಿನದ ಹುಟ್ಟು ಅಮೆರಿಕದ್ದು. ವಾಷಿಂಗ್ಟನ್ ಸಂಸ್ಥಾನದ ಸ್ಪೊಕೇನ್ ನಗರದಲ್ಲಿ ಸೊನೊರಾ ಡಾಡ್ ಎಂಬ ಹೆಣ್ಣುಮಗಳು ೧೯೧೦ರ ಜೂನ್ ೧೯ರಂದು ಮೊದಲಬಾರಿಗೆ ಇದನ್ನು ಆಚರಿಸುವಂತೆ ಮಾಡಿದಳು. ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದ ತಂದೆ ಆರು ಮಕ್ಕಳನ್ನು ಒಬ್ಬನೇ ಸಾಕಿದ್ದ. ಆ ಮೊದಲ ದಿನದ ಗುರುತು ಒಂದು ಗುಲಾಬಿ ಹೂವು ಮಾತ್ರ. ತಂದೆ ಇದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ. ೧೯೩೦ರ ದಶಕದಲ್ಲಿ ಗಂಡಸರ ಉಡುಪು ಮಾರುವ ವರ್ತಕರು ಈ ದಿನವನ್ನು ಕೈಗೆತ್ತಿಕೊಂಡ ಮೇಲೆ ಗುಲಾಬಿ ಹೋಗಿ ಕಂಠಕೌಪೀನ ಬಂತು. ಸರ್ಕಾರದ ಕಾನೂನು ಬಂದದ್ದು ಬಹಳ ತಡವಾಗಿ, ೧೯೭೨ರಲ್ಲಿ. ಇಟಲಿ, ಸ್ಪೇನ್ ಮುಂತಾದ ಕಥೋಲಿಕ ದೇಶಗಳಲ್ಲಿ ಈ ದಿನ ಬೇರೆ. ಅಲ್ಲಿ ಮಾರ್ಚ್ ೧೯, ಯೇಸುವನ್ನು ಸಾಕಿದ ಬಡಗಿ ಸಂತ ಜೋಸೆಫನ ಹಬ್ಬ. ಬಡಗಿಯೊಬ್ಬನನ್ನು ತಂದೆಯರ ಪ್ರತಿನಿಧಿಯಾಗಿ ಆರಿಸಿಕೊಂಡ ಆ ಕಲ್ಪನೆ ನನಗೆ ಅಂಗಡಿಯವರ ಕಲ್ಪನೆಗಿಂತ ಹೆಚ್ಚು ಹಿಡಿಸುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಪರದೇಶದ ಆಚರಣೆಯೆಂದು ಇದನ್ನು ಹಳಿಯುವುದು ಸುಲಭ. ದಂಡಿನಲ್ಲಿ ನಿಂತು ಹಳಿಯುವುದು ಮಾತ್ರ ಕಷ್ಟ. ೧೮೦೯ರಲ್ಲಿ ಆಂಗ್ಲರ ಸೈನ್ಯ ಬಂದು ಬಿಡಾರ ಹೂಡಿದಂದಿನಿಂದ, ೧೯೪೯ರಲ್ಲಿ ಪೇಟೆಯೊಡನೆ ಸೇರಿ ಒಂದೇ ನಗರಸಭೆಯಾಗುವವರೆಗೆ, ಇಲ್ಲಿಗೆ ಬಂದದ್ದೆಲ್ಲ ಹೊರಗಿನದೇ. ಆರ್ಕಾಟಿನ ಕಡೆಯ ತಮಿಳರು, ದಖನಿ ಮಾತಾಡುವ ಮುಸಲ್ಮಾನರು, ತೆಲುಗರು, ಮಲೆಯಾಳಿಗಳು, ಆಂಗ್ಲೋ ಇಂಡಿಯನ್ನರು, ಇವರ ನಡುವೆ ನಾವು ಕನ್ನಡಿಗರು. ಹಬ್ಬಗಳನ್ನು ಪರಸ್ಪರ ಕಡ ತೆಗೆದುಕೊಳ್ಳುವುದು ಈ ಭಾಗದ ಹಳೆಯ ಅಭ್ಯಾಸ. ಒಂದು ಹಬ್ಬ ಹೆಚ್ಚಾಯಿತೆಂದು ನಾನು ಕೊರಗಲಾರೆ. ನನ್ನ ತಕರಾರು ಬೇರೆ.

ಮಗು ತಂದೆಯ ಬಳಿಯೇ ಹಣ ಕೇಳಿ ಪಡೆಯುತ್ತದೆ. ಆ ಹಣದಲ್ಲಿ ತಂದೆಗೆ ಬೇಡದ ಒಂದು ವಸ್ತುವನ್ನು ತಂದು ತಂದೆಗೇ ಕೊಡುತ್ತದೆ. ಜಮಾಖರ್ಚಿನ ಕಣ್ಣಿನಿಂದ ನೋಡಿದರೆ ಇದು ಉಡುಗೊರೆಯಲ್ಲ, ತಂದೆ ತನಗೆ ತಾನೇ ಮಾಡಿಕೊಂಡ ಖರೀದಿ. ಇನ್ನು 'ಮನೆಯಲ್ಲೇ ಮಾಡಿದ' ಉಡುಗೊರೆಯ ಪಾಡು ಇದಕ್ಕಿಂತ ವಿಚಿತ್ರವಾಗಿದೆ. ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ, ಅಪ್ಪಂದಿರ ದಿನದ ಕೈಗೆಲಸಕ್ಕೆಂದು ಮಕ್ಕಳ ಮೂಲಕ ಮನೆಗಳಿಗೆ ಒಂದು ಪಟ್ಟಿ ಕಳಿಸಿತ್ತು. ಥರ್ಮೋಕೋಲು, ಮಿನುಗುಪುಡಿ, ಮೂರು ಬಣ್ಣದ ಹೊಳೆಯುವ ಕಾಗದ, ಬಿಸಿ ಅಂಟಿನ ಯಂತ್ರ. ಆಟೋ ಓಡಿಸುವ ತಂದೆಯೊಬ್ಬ ತನಗೆ ಸಲ್ಲಬೇಕಾದ ಅನಿರೀಕ್ಷಿತ ಉಡುಗೊರೆಯ ಸಾಮಗ್ರಿಯನ್ನು ಹುಡುಕಿಕೊಂಡು ರಾತ್ರಿ ಎಂಟು ಗಂಟೆಗೆ ಶಿವಾಜಿನಗರದಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ. ಅಂಟಿಸಿದವಳು ತಾಯಿ. ಮಗು ನಿದ್ದೆ ಹೋಗಿತ್ತು.

ಅಗ್ಗವಾಗಿರಬೇಕು, ಮನೆಯಲ್ಲಿ ಮಾಡಿರಬೇಕು ಎಂಬ ಎರಡು ನಿಯಮಗಳನ್ನು ನಾನು ಬಡತನದ ಕಾರಣದಿಂದ ಹೇಳುತ್ತಿಲ್ಲ. ಎಂಟು ಹತ್ತು ವರ್ಷದ ಮಗುವಿಗೆ ಸ್ವಂತದ್ದೆಂದು ಹೇಳಿಕೊಳ್ಳುವ ಆಸ್ತಿ ಏನಿದೆ? ಹಣ ತಂದೆಯದು, ಬಟ್ಟೆ ಪುಸ್ತಕ ತಂದೆತಾಯಿಯರು ಕೊಡಿಸಿದ್ದು. ತನ್ನದೆಂಬುದು ಎರಡೇ: ಹೊತ್ತು ಮತ್ತು ಕಣ್ಣು. ದೊಡ್ಡವರಿಗಿಲ್ಲದಷ್ಟು ಹೊತ್ತು ಅದಕ್ಕಿದೆ. ದೊಡ್ಡವರು ನೋಡುವುದನ್ನು ಬಿಟ್ಟುಬಿಟ್ಟ ವಸ್ತುಗಳನ್ನು ಅದು ಇನ್ನೂ ನೋಡುತ್ತದೆ. ಈ ಎರಡರಿಂದ ಆದದ್ದು ಮಗುವಿನ ಉಡುಗೊರೆ. ಉಳಿದದ್ದು ವ್ಯಾಪಾರ.

ಹೊತ್ತಿನಿಂದಲೇ ಆಗುವ ಒಂದು ವಸ್ತುವನ್ನು ಮೊದಲು ಹೇಳುತ್ತೇನೆ. ಹಲಸಿನ ಹೆಸರು ಹೊತ್ತ ಹಲಸೂರಿನಲ್ಲಿ ಅರಳಿಮರಗಳಿಗೇನೂ ಕೊರತೆಯಿಲ್ಲ. ಹಳೆಯ ಗುಡಿಗಳ ಮುಂದಿನ ಕಟ್ಟೆಗಳಿಂದ ಬಲಿತ, ಆದರೆ ಒಣಗದ, ತೂತು ಬೀಳದ ನಾಲ್ಕೈದು ಎಲೆಗಳನ್ನು ಮಗು ಆರಿಸಿ ತರಲಿ. ಅವನ್ನು ಹಳೆಯ ಬೋಗುಣಿಯಲ್ಲಿ ನೀರಿಗೆ ಹಾಕಿ, ತೇಲದಂತೆ ಒಂದು ಕಲ್ಲು ಹೇರಿ, ಹಿತ್ತಲಲ್ಲೋ ಮಾಳಿಗೆಯ ಮೇಲೋ ಇಡಬೇಕು. ವಾರ ಕಳೆಯುವುದರೊಳಗೆ ನೀರು ನಾರತೊಡಗುತ್ತದೆ, ಮನೆಯವರು ಗೊಣಗುತ್ತಾರೆ. ಆಗಾಗ ನೀರು ಬದಲಾಯಿಸುತ್ತ ಮೂರು ನಾಲ್ಕು ವಾರ ಕಾದರೆ ಎಲೆಯ ಹಸುರು ಮಾಂಸವೆಲ್ಲ ಕೊಳೆತು ಲೋಳೆಯಾಗುತ್ತದೆ. ಅಂಗೈ ಮೇಲೆ ಎಲೆಯನ್ನಿಟ್ಟುಕೊಂಡು, ತೆಳ್ಳಗೆ ನೀರು ಬಿಡುತ್ತ, ಮೆತ್ತನೆಯ ಬಣ್ಣದ ಕುಂಚದಿಂದ ತೊಟ್ಟಿನ ಕಡೆಯಿಂದ ತುದಿಯ ಕಡೆಗೆ ಸವರಿದರೆ ಲೋಳೆ ಜಾರಿಹೋಗಿ ನರಗಳ ಬಲೆಯೊಂದೇ ಉಳಿಯುತ್ತದೆ. ಜೇಡ ನೇಯ್ದದ್ದಕ್ಕಿಂತ ನಯವಾದ ಬಲೆ. ಅರಳಿಯ ಆ ನೀಳವಾದ ಬಾಲವೂ ಸೇರಿ. ಐದರಲ್ಲಿ ಮೂರು ಹರಿಯುತ್ತವೆ, ಅದಕ್ಕೇ ಐದು ಹಾಕುವುದು. ಉಳಿದದ್ದನ್ನು ವೃತ್ತಪತ್ರಿಕೆಯ ನಡುವೆ ಇಟ್ಟು, ಮೇಲೆ ನಿಘಂಟಿನಂಥ ತೂಕದ ಪುಸ್ತಕ ಹೇರಿ ಎರಡು ದಿನ ಒಣಗಿಸಿದರೆ ಪುಸ್ತಕದ ಗುರುತಿನೆಲೆ ಸಿದ್ಧ. ಕಾಸು ಖರ್ಚಿಲ್ಲ. ಆದರೆ ಜೂನ್ ಮೂರನೆಯ ಭಾನುವಾರಕ್ಕೆ ಬೇಕಾದರೆ ಮೇ ತಿಂಗಳ ಮಧ್ಯದಲ್ಲೇ ಎಲೆ ನೀರಿಗೆ ಬೀಳಬೇಕು. ಒಂದು ತಿಂಗಳು ಮಗು ತನ್ನ ತಂದೆಯನ್ನು ಗುಟ್ಟಾಗಿ ನೆನೆಯುತ್ತಿರಬೇಕು. ಹಿಂದಿನ ದಿನ ಸಂಜೆ ಓಡಿಹೋಗಿ ಕೊಳ್ಳಬಹುದಾದ ವಸ್ತುವಿಗೆ ಈ ಗುಣ ಬರುವುದಿಲ್ಲ.

ಪುಸ್ತಕ ಓದದ ತಂದೆಗೆ ಗುರುತಿನೆಲೆ ಏಕೆ, ಎಂದು ಕೇಳಬಹುದು. ಕೇಳಲೇಬೇಕು. ಕಣ್ಣಿನ ಕೆಲಸ ಮೊದಲಾಗುವುದು ಅಲ್ಲಿ. ಏನು ಮಾಡಿಕೊಡಬೇಕೆಂದು ಗೊತ್ತಾಗಬೇಕಾದರೆ ತಂದೆ ಹಗಲೆಲ್ಲ ಏನು ಮಾಡುತ್ತಾನೆ, ಅವನ ಕೈಗೆ ಯಾವುದು ಸಿಗುತ್ತದೆ, ಯಾವುದು ಸಿಗದೆ ಅವನು ಬೈದುಕೊಳ್ಳುತ್ತಾನೆ ಎಂಬುದನ್ನು ಮಗು ಗಮನಿಸಬೇಕು. ನಮ್ಮ ಮಕ್ಕಳಲ್ಲಿ ಬಹುಮಂದಿಗೆ ತಂದೆ ಎಂದರೆ ಬೆಳಗ್ಗೆ ಹೋಗಿ ರಾತ್ರಿ ಬರುವ ಒಬ್ಬ ವ್ಯಕ್ತಿ. ನಡುವಣ ಹತ್ತು ಗಂಟೆಗಳು ಕತ್ತಲೆ.

ದಂಡಿನ ಕಸಬುಗಳು ಒಂದೆರಡಲ್ಲ. ಹಿಂದೆ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರದಲ್ಲಿ ದರ್ಜಿಗಳ ಸಂಖ್ಯೆ ದೊಡ್ಡದು. ದರ್ಜಿಯ ಮಗಳಿಗೆ ಬಟ್ಟೆಯ ಚೂರುಗಳು ಕಾಲ ಬುಡದಲ್ಲೇ ಬಿದ್ದಿರುತ್ತವೆ. ಅಂಗೈಯಗಲದ ಎರಡು ತುಂಡು ಸೇರಿಸಿ ಹೊಲಿದು ಒಳಗೆ ತುಂಬಿದರೆ ಗುಂಡುಸೂಜಿ ಚುಚ್ಚಿಡುವ ಮೆತ್ತೆಯಾಗುತ್ತದೆ. ಆದರೆ ತುಂಬುವುದೇನನ್ನು? ಹತ್ತಿ ಬೇಡ, ಹತ್ತಿ ತೇವ ಹೀರಿಕೊಂಡು ಸೂಜಿಗೆ ತುಕ್ಕು ತರುತ್ತದೆ. ಹಳೆಯ ಉಣ್ಣೆಯ ಸ್ವೆಟರಿನ ಬಿಚ್ಚಿದ ನೂಲು ಒಳ್ಳೆಯದು. ಉಣ್ಣೆಯ ಸಹಜವಾದ ಜಿಡ್ಡು ಸೂಜಿಯನ್ನು ಕಾಯುತ್ತದೆ. ಮೆತ್ತೆಗೆ ಎರಡು ಪಟ್ಟಿ ಹೊಲಿದರೆ ತಂದೆ ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬಹುದು, ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಳ್ಳುವುದು ತಪ್ಪುತ್ತದೆ. ತಂದೆ ಸೂಜಿ ಕಚ್ಚಿಕೊಂಡು ಕೆಲಸ ಮಾಡುವುದನ್ನು ಹೆದರಿಕೆಯಿಂದ ನೋಡಿದ ಮಗುವಿಗೆ ಮಾತ್ರ ಈ ಪಟ್ಟಿಯ ಯೋಚನೆ ಬರುತ್ತದೆ.

ಗುಜರಿಯಲ್ಲಿ ಹಳೆಯ ಬಂಡಿಗಳ ಭಾಗ ಬಿಚ್ಚುವವನಿಗೆ, ಗಡಿಯಾರ ರಿಪೇರಿಯವನಿಗೆ, ವಿದ್ಯುತ್ ಕೆಲಸದವನಿಗೆ ಸಣ್ಣ ಮೊಳೆ ತಿರುಪುಗಳದೇ ದೊಡ್ಡ ತಲೆನೋವು. ಆರು ಖಾಲಿ ಬೆಂಕಿಪೆಟ್ಟಿಗೆಗಳನ್ನು ಎರಡು ಸಾಲಾಗಿ, ಒಂದರ ಮೇಲೊಂದು ಮೂರು ಮೂರರಂತೆ ಅಂಟಿಸಿ, ಸುತ್ತ ಹಳೆಯ ಕ್ಯಾಲೆಂಡರಿನ ದಪ್ಪ ಕಾಗದ ಸುತ್ತಿದರೆ ಆರು ಖಾನೆಯ ಪುಟ್ಟ ಬೀರು. ಎಳೆಯಲು ಒಂದೊಂದು ಖಾನೆಗೆ ಒಂದೊಂದು ಅಂಗಿಗುಂಡಿ. ಇದು ನಮ್ಮ ಅಜ್ಜಂದಿರ ಕಾಲದ ಆಟ, ಹೊಸದೇನಲ್ಲ. ಅಂಟು ಮನೆಯಲ್ಲೇ ಆಗುತ್ತದೆ: ಎರಡು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ಮಂಜಿನ ಬಿಳುಪು ಹೋಗಿ ಗಾಜಿನಂತಾಗುವವರೆಗೆ ಕಾಯಿಸುವುದು. ಪುಸ್ತಕ ಕಟ್ಟುವವರು ಹುಳು ತಿನ್ನದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳ ಅಂಟಿಗೆ ಕೂಡದು. ಬೇಕಾದಷ್ಟನ್ನೇ ಮಾಡಿಕೊಂಡು ಎರಡು ದಿನದಲ್ಲಿ ಮುಗಿಸಿದರಾಯಿತು.

೧೯೨೭ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ ಹೂವು ಹಣ್ಣು ತರಕಾರಿ ಮಾರುವವರಿಗೆ, ಆಟೋದವರಿಗೆ, ಹಾಲಿನವರಿಗೆ ನಿತ್ಯ ಬೇಕಾದದ್ದು ಲೆಕ್ಕದ ಪುಸ್ತಕ. ಕಚೇರಿಗಳಲ್ಲಿ ಒಂದೇ ಮಗ್ಗುಲು ಅಚ್ಚಾದ ಕಾಗದ ರಾಶಿರಾಶಿಯಾಗಿ ಕಸಕ್ಕೆ ಹೋಗುತ್ತದೆ. ಇಂಥ ಕಾಗದದಿಂದ ಪುಸ್ತಕ ಮಾಡಲು ಚೀನೀಯರ ಹಳೆಯ ಉಪಾಯ ನಮಗೆ ಒದಗಿಬರುತ್ತದೆ. ಅವರ ಕಾಗದ ತೆಳು. ಒಂದೇ ಮಗ್ಗುಲು ಅಚ್ಚು ಹಾಕಿ, ಹಾಳೆಯನ್ನು ನಡುವೆ ಮಡಿಸಿ, ಮಡಿಕೆಯನ್ನು ಹೊರಕ್ಕಿಟ್ಟು, ಬಿಡಿಯಾದ ಅಂಚುಗಳ ಕಡೆ ಹೊಲಿಯುತ್ತಿದ್ದರು. ನಾವು ಅದನ್ನು ಮಗುಚಬೇಕು: ಅಚ್ಚಾದ ಮುಖ ಒಳಗೆ ಹೋಗುವಂತೆ ಒಂದೊಂದು ಹಾಳೆಯನ್ನೂ ಮಡಿಸಿ, ಇಪ್ಪತ್ತು ಹಾಳೆ ಜೋಡಿಸಿ, ಬಿಡಿ ಅಂಚಿನಿಂದ ಒಂದು ಬೆರಳು ಒಳಗೆ ದಬ್ಬಣದಿಂದ ಐದು ತೂತು ಮಾಡಿ ಗಟ್ಟಿ ನೂಲಿನಿಂದ ಹೊಲಿದರೆ, ತೆರೆದು ನೋಡಿದಲ್ಲೆಲ್ಲ ಖಾಲಿ ಹಾಳೆಯೇ ಕಾಣುತ್ತದೆ. ಇಪ್ಪತ್ತು ಹಾಳೆಗೆ ನಲವತ್ತು ಪುಟ. ಕಾಗದಕ್ಕೂ ಮರದಂತೆ ಎಳೆಯ ದಿಕ್ಕು ಇದೆ. ಒಂದು ಚೂರನ್ನು ಹರಿದು ನೋಡಿ. ಒಂದು ದಿಕ್ಕಿನಲ್ಲಿ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗುತ್ತದೆ. ನೇರ ಹರಿದ ದಿಕ್ಕಿಗೆ ಮಡಿಸಿದರೆ ಮಡಿಕೆ ಅಚ್ಚುಕಟ್ಟು. ಇನ್ನು ತಂದೆಗೆ ಬೇಕಾದ ಗೆರೆಗಳನ್ನು ಮಗು ತಾನೇ ಎಳೆದುಕೊಡಲಿ. ತಾರೀಖು, ಹೆಸರು, ಬರಬೇಕಾದದ್ದು, ಬಂದದ್ದು. ಈ ನಾಲ್ಕು ತಲೆಬರಹಗಳನ್ನು ಬರೆಯುವಾಗ ಮನೆಗೆ ಹಣ ಹೇಗೆ ಬರುತ್ತದೆ, ಎಷ್ಟು ಬರದೆ ಉಳಿಯುತ್ತದೆ ಎಂಬ ಒಂದು ಪಾಠವೂ ಆಗಿಹೋಗುತ್ತದೆ. ಅದನ್ನು ಯಾವ ಅಧ್ಯಾಪಕನೂ ಕಲಿಸಬೇಕಾಗಿಲ್ಲ.

ಜೇಡಿಮಣ್ಣಿನ ಮಾತನ್ನು ಬೇಗ ಮುಗಿಸುತ್ತೇನೆ. ಬೆನ್ಸನ್ ಟೌನಿಗೆ ತಾಗಿದಂತಿರುವ ಪಾಟರಿ ಟೌನಿನಲ್ಲಿ ಇಂದಿಗೂ ಕುಂಬಾರರ ಮನೆಗಳಿವೆ. ಒಂದು ಮುದ್ದೆ ಹದ ಮಾಡಿದ ಮಣ್ಣಿಗಾಗಿ ಊರೆಲ್ಲ ಹುಡುಕಬೇಕಾಗಿಲ್ಲ. ಮಾಡಿದ ಬಟ್ಟಲು ಒಂದೇ ದಪ್ಪವಿರಬೇಕು, ನೆರಳಿನಲ್ಲಿ ನಿಧಾನವಾಗಿ ಒಣಗಬೇಕು, ಸುಡದ ಮಣ್ಣಿಗೆ ನೀರು ಸೋಕಬಾರದು. ಲೇಖನಿ, ಕನ್ನಡಕ, ಚಿಲ್ಲರೆ ಕಾಸು ಹಾಕಿಡಲು ಸಾಕು.

ಅಪ್ಪಂದಿರ ದಿನ ಅಮೆರಿಕದ್ದಾದರೂ ತಂದೆಯ ದುಡಿಮೆಯನ್ನು ಮಕ್ಕಳು ಕಾಣುವ ಒಂದು ದಿನ ನಮ್ಮ ಪೂರ್ವ ಬೆಂಗಳೂರಿನಲ್ಲಿ ಬಹುಕಾಲದಿಂದ ಇತ್ತು ಎಂಬುದನ್ನು ನಾವು ಗಮನಿಸಿಲ್ಲ. ೧೯೪೦ರಲ್ಲಿ ವಿಮಾನ ಕಾರ್ಖಾನೆ ಬಂತು. ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಬಂದು, ಅದರ ಸುತ್ತ ದೂರವಾಣಿನಗರವೇ ಬೆಳೆಯಿತು. ಬೈಯಪ್ಪನಹಳ್ಳಿಯ ಕಡೆ ೧೯೫೬ರಲ್ಲಿ ಸ್ಥಾಪನೆಯಾದ ಎನ್.ಜಿ.ಇ.ಎಫ್. ವಿದ್ಯುತ್ ಯಂತ್ರಗಳನ್ನು ಮಾಡುತ್ತಿತ್ತು. ಅದು ಮುಚ್ಚಿ ಎರಡು ದಶಕ ಮೀರಿತು. ಈ ಕಾರ್ಖಾನೆಗಳ ಗೋಡೆಗಳು ಎತ್ತರ, ಬಾಗಿಲಲ್ಲಿ ಕಾವಲು. ಕೂಗು ಹಾಕಿದಾಗ ಒಳಹೋದ ತಂದೆ ಮತ್ತೆ ಕೂಗು ಹಾಕಿದಾಗ ಹೊರಬರುತ್ತಿದ್ದ. ಒಳಗೆ ಏನು ನಡೆಯುತ್ತದೆಂದು ಮಕ್ಕಳಿಗೆ ಗೊತ್ತಾಗುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯಂದು. ಅಂದು ಕೆಲಸಗಾರರ ಮನೆಯವರನ್ನು ಒಳಗೆ ಬಿಡುವ ವಾಡಿಕೆ ಬೆಂಗಳೂರಿನ ದೊಡ್ಡ ಕಾರ್ಖಾನೆಗಳಲ್ಲಿತ್ತು. ಹೊಸ ಬಟ್ಟೆ ತೊಟ್ಟ ಮಕ್ಕಳು ತಂದೆಯ ಕೈಹಿಡಿದು, ಎಣ್ಣೆಯ ವಾಸನೆಯ ಆ ದೊಡ್ಡ ಚಾವಡಿಗಳಲ್ಲಿ ನಡೆದು, ಇದು ಅಪ್ಪನ ಲೇತು, ಇದು ಅಪ್ಪನ ಮೇಜು ಎಂದು ಮುಟ್ಟಿ ನೋಡುತ್ತಿದ್ದರು. ಯಂತ್ರಕ್ಕೆ ಕಟ್ಟಿದ ಬಣ್ಣದ ಕಾಗದದ ಸರಪಣಿ ಎಷ್ಟೋ ಸಲ ಹಿಂದಿನ ರಾತ್ರಿ ಮನೆಯಲ್ಲಿ ಮಕ್ಕಳು ಕತ್ತರಿಸಿ ಅಂಟಿಸಿದ್ದೇ ಆಗಿರುತ್ತಿತ್ತು.

ಆ ಸರಪಣಿಗಿಂತ ಅಗ್ಗವಾದ ಕಾಣಿಕೆ ಯಾವುದಿದೆ? ಇಂದಿಗೂ ವಿಜಯದಶಮಿಯ ಹಿಂದಿನ ದಿನ ಹಲಸೂರಿನ ಓಣಿಗಳಲ್ಲಿ ಹೋದರೆ ಆಟೋಗಳನ್ನು ತೊಳೆದು ಒರೆಸುವವರಲ್ಲಿ ಅರ್ಧ ಮಂದಿ ಮಕ್ಕಳು. ಬಾಳೆಕಂದು ಕಟ್ಟುವುದು, ಕನ್ನಡಿಗೆ ಕುಂಕುಮವಿಡುವುದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದು ಅವರ ಪಾಲಿನ ಕೆಲಸ. ಬಡಗಿ ಜೋಸೆಫನ ಹಬ್ಬ ನನಗೆ ಹಿಡಿಸಿತೆಂದೆನಲ್ಲ, ಅದರ ಕಾರಣ ಇದೇ. ತಂದೆಯನ್ನು ಅವನ ಹತಾರದ ಜೊತೆಗೆ ನೋಡುವ ಕಣ್ಣು ಎರಡು ಹಬ್ಬಗಳಲ್ಲೂ ಇದೆ. ಅಂಗಡಿಯ ಲೋಟದ ಮೇಲೆ ಬರೆದಿರುವ 'ಜಗತ್ತಿನ ಅತ್ಯುತ್ತಮ ತಂದೆ' ಎಂಬ ಮಾತು ಎಲ್ಲ ತಂದೆಯರಿಗೂ ಒಂದೇ ಅಳತೆಯ ಅಂಗಿ. ಯಾರ ಮೈಗೂ ಸರಿಹೊಂದದು. ಈಗ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ತಂದೆಯರ ಮಕ್ಕಳಿಗೆ ಈ ಭಾಗ್ಯ ಇನ್ನೂ ಕಡಿಮೆ. ಕೆಲಸ ಮನೆಯಲ್ಲೇ ನಡೆಯುತ್ತಿದ್ದರೂ ಅದು ಕಾಣಿಸದು. ಅಂಥ ಮಗುವೂ ತಂದೆ ದಿನಕ್ಕೆ ಎಷ್ಟು ಸಲ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಳ್ಳುತ್ತಾನೆ ಎಂಬುದನ್ನು ಎಣಿಸಬಹುದು. ಹಳೆಯ ಹತ್ತಿ ಪಂಚೆಯ ಒಂದು ತುಂಡಿಗೆ ನಾಲ್ಕೂ ಅಂಚು ಮಡಿಸಿ ಹೊಲಿದುಕೊಡಬಹುದು. ತೊಳೆದು ತೊಳೆದು ಮೆದುವಾದ ಪಂಚೆಗೆ ಸಮನಾದ ಒರೆಸುಬಟ್ಟೆ ಇನ್ನೊಂದಿಲ್ಲ.

ಬಟ್ಟೆಯ ಮಾತು ಬಂದದ್ದರಿಂದ ಒಂದು ಪದದ ವಿಚಾರ. 'ಉಡುಗೊರೆ' ಎಂಬಲ್ಲಿ ಉಡುವ ವಸ್ತ್ರದ ನೆನಪು ಇದೆ. ಮೊದಲು ಅದು ಬಟ್ಟೆಯ ಕಾಣಿಕೆಯೇ. ನಮ್ಮ ದೇಶದ ಈಚಿನ ಇತಿಹಾಸದಲ್ಲಿ ನೂಲೇ ಅತ್ಯಂತ ಅಗ್ಗದ, ಅತ್ಯಂತ ಗಂಭೀರವಾದ ಕೈಗಾಣಿಕೆಯಾಗಿದ್ದ ಒಂದು ಕಾಲವಿತ್ತು. ಜವಾಹರಲಾಲರು ಸೆರೆಮನೆಯಲ್ಲಿ ನೂತ ನೂಲಿನ ಸೀರೆಯನ್ನು ಮಗಳು ಇಂದಿರಾ ೧೯೪೨ರಲ್ಲಿ ತನ್ನ ಮದುವೆಗೆ ಉಟ್ಟಳು. ೧೯೪೪ರಲ್ಲಿ ಕಸ್ತೂರಬಾ ಕೊನೆಯ ಪಯಣಕ್ಕೆ ಉಟ್ಟದ್ದು ಗಾಂಧೀಜಿ ನೂತ ನೂಲಿನ ಸೀರೆ. ೧೯೪೮ರ ಬಳಿಕ ಫೆಬ್ರವರಿ ೧೨ರಂದು, ಗಾಂಧೀಜಿಯ ಚಿತಾಭಸ್ಮವನ್ನು ನೀರಿಗೆ ಬಿಟ್ಟ ದಿನ, ತಾನೇ ನೂತ ಒಂದು ಲಡಿ ನೂಲನ್ನು ಅವರ ಹೆಸರಿನಲ್ಲಿ ಅರ್ಪಿಸುವ ಸೂತಾಂಜಲಿಯನ್ನು ವಿನೋಬಾ ಆರಂಭಿಸಿದರು. ಇಡೀ ದೇಶ ತಂದೆಯೆಂದು ಕರೆದವನಿಗೆ ಶಾಲೆಯ ಮಕ್ಕಳು ಕೂಡ ಕೊಡಬಹುದಾಗಿದ್ದದ್ದು ಒಂದು ಲಡಿ ನೂಲು. ರಾಟೆ ಈಗ ಮನೆಗಳಲ್ಲಿಲ್ಲ, ನಿಜ. ಆದರೆ ವೈಟ್‌ಫೀಲ್ಡಿನ ಕಡೆ ಮಹಡಿಮನೆಗಳು ಏಳುತ್ತಿರುವ ಕಡೆಗಳಲ್ಲಿ ತಗಡಿನ ಬಿಡಾರಗಳಲ್ಲಿರುವ ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಕೌದಿ ಹೊಲಿಯುವ ಸೂಜಿ ಇನ್ನೂ ಇದೆ. ಹಳೆಯ ಸೀರೆ ಧೋತರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವ ಆ ವಿದ್ಯೆಯಲ್ಲಿ ಒಂದು ಮೊಳ ಚೌಕದ ಕೂರುವ ಹಾಸು ಮಾಡಲು ಹತ್ತು ವರ್ಷದ ಹುಡುಗಿಗೂ ಬರುತ್ತದೆ. ಗಾರೆಯ ಕೆಲಸ ಮುಗಿಸಿ ಬಂದ ತಂದೆಗೆ ಅದು ನೆಲದ ಥಂಡಿ ತಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕನ್ನಡ ಅಧ್ಯಾಪಕನಾಗಿ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಎಲ್ಲಕ್ಕಿಂತ ಅಗ್ಗವಾದದ್ದು, ಮಾಡಲು ಎಲ್ಲಕ್ಕಿಂತ ಕಷ್ಟವಾದದ್ದು, ಒಂದು ಕಾಗದ ಬರೆಯುವುದು. ಪರೀಕ್ಷೆಗಾಗಿ ನಮ್ಮ ಮಕ್ಕಳು ಸಾವಿರಾರು ಸಲ ತಂದೆಗೆ ಕಾಗದ ಬರೆದಿದ್ದಾರೆ: ಪ್ರವಾಸಕ್ಕೆ ಹಣ ಕಳಿಸಿರೆಂದು, ಪರೀಕ್ಷೆ ಚೆನ್ನಾಗಿ ಆಯಿತೆಂದು. ಆ ಕಾಗದ ಯಾವ ತಂದೆಗೂ ತಲುಪಿಲ್ಲ. ಐದು ಅಂಕ ಪಡೆದು ಕಟ್ಟಿನೊಳಗೆ ಸೇರಿಹೋಗಿದೆ. ಅದರ ಒಕ್ಕಣೆಯಲ್ಲೂ ಒಂದು ತಮಾಷೆಯಿದೆ. ಸ್ವಂತ ತಂದೆಗೆ 'ತೀರ್ಥರೂಪ ಸಮಾನರಾದ' ಎಂದು ಬರೆಯುವವರೇ ಹೆಚ್ಚು. ತೀರ್ಥರೂಪರು ಎಂದರೆ ಹೆತ್ತ ತಂದೆ; 'ಸಮಾನ' ಎಂಬುದು ಚಿಕ್ಕಪ್ಪ, ಮಾವ, ತಂದೆಯಂತಿರುವ ಇತರ ಹಿರಿಯರಿಗೆ. ಹೆತ್ತವನನ್ನೇ ಹೆತ್ತವನಂತಿರುವವನೆಂದು ಕರೆದರೆ ಆತ ಏನೆಂದುಕೊಳ್ಳಬೇಕು?

ಒಕ್ಕಣೆ ಬೇಡವೆಂದರೆ ಮನೆಯಲ್ಲಿ ಕರೆಯುವ ಹೆಸರಿದೆ. ದಂಡಿನ ಒಂದು ತರಗತಿಯಲ್ಲಿ ನಿಂತು, ನಿಮ್ಮ ತಂದೆಯನ್ನು ಏನೆಂದು ಕರೆಯುತ್ತೀರಿ, ಎಂದು ಕೇಳಿ ನೋಡಿ. ಅಪ್ಪ ಎಂಬ ಉತ್ತರ ಕನ್ನಡದ ಮನೆಯಿಂದಲೂ ಬರುತ್ತದೆ, ತಮಿಳಿನ ಮನೆಯಿಂದಲೂ ಬರುತ್ತದೆ. ನಾನ್ನ, ಅಬ್ಬಾ, ಅಚ್ಚನ್, ಡ್ಯಾಡಿ. ಹಳೆಯ ಮೈಸೂರಿನ ಕೆಲವು ಮನೆಗಳಲ್ಲಿ ತಂದೆಗೆ ಅಣ್ಣ ಎನ್ನುವುದುಂಟು. ಪೂರ್ಣಚಂದ್ರ ತೇಜಸ್ವಿಯವರು ಕುವೆಂಪು ಅವರನ್ನು ಕುರಿತು ಬರೆದ ಪುಸ್ತಕದ ಹೆಸರು 'ಅಣ್ಣನ ನೆನಪು' ಎಂದಿರುವುದು ಆ ಕಾರಣದಿಂದ. ಮಗು ತನ್ನ ಮಾತಿನಲ್ಲೇ ಕರೆಯಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಏನು ಬರೆಯಬೇಕೆಂದು ಕೇಳಿದ ವಿದ್ಯಾರ್ಥಿಗಳಿಗೆ ನಾನು ಕೊಡುವ ಕಟ್ಟಳೆ ಒಂದೇ: ನಿನ್ನ ತಂದೆಗಲ್ಲದೆ ಬೇರೆ ಯಾವ ತಂದೆಗೂ ಹೊಂದದ ಮೂರು ವಾಕ್ಯ ಬರೆ. ಪ್ರೀತಿ, ತ್ಯಾಗ, ಋಣ ಎಂಬ ಪದಗಳು ಬೇಡ. ಇಂಥ ಅಭ್ಯಾಸದಲ್ಲಿ ಒಬ್ಬ ಹುಡುಗ ಬರೆದದ್ದು ನೆನಪಿದೆ. ಅವನ ತಂದೆ ರಾತ್ರಿಪಾಳಿ ಮುಗಿಸಿ ಬಂದವನು ಮನೆಯವರ ನಿದ್ದೆ ಕೆಡಬಾರದೆಂದು ಚಪ್ಪಲಿಯನ್ನು 'ಮೆಟ್ಟಿಲ ಕೆಳಗೇ' ಬಿಟ್ಟು ಬರಿಗಾಲಲ್ಲಿ ಹತ್ತುತ್ತಾನಂತೆ. ತಾನು ಎಚ್ಚರವಾಗಿಯೇ ಇರುತ್ತೇನೆ ಎಂದು ಹುಡುಗ ಬರೆದಿದ್ದ. ತಂದೆಗೆ ಅದು ಗೊತ್ತಿರಲಿಲ್ಲ.

ತರಗತಿಯಲ್ಲಿ ಈ ಕೆಲಸ ಮಾಡಿಸುವ ಅಧ್ಯಾಪಕರಿಗೆ ಒಂದು ಎಚ್ಚರ ಬೇಕು. ಸ್ಪೊಕೇನಿನ ಬಿಳಿ ಗುಲಾಬಿಯ ಮಕ್ಕಳು ಪ್ರತಿಯೊಂದು ತರಗತಿಯಲ್ಲೂ ಇರುತ್ತಾರೆ. ತಂದೆ ಸತ್ತವರು, ಬಿಟ್ಟುಹೋದವರು, ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗಿ ವರ್ಷಗಟ್ಟಲೆ ಮುಖ ಕಾಣದವರು, ತಂದೆ ಕುಡಿದು ಬರುವುದರಿಂದ ಅವನ ವಿಷಯ ಬರೆಯಲೊಲ್ಲದವರು. 'ಎಲ್ಲರೂ ತಂದೆಗೆ ಒಂದು ಉಡುಗೊರೆ ಮಾಡಿ' ಎಂಬ ಮಾತು ಇವರ ಮೇಲೆ ಹೇಗೆ ಬೀಳುತ್ತದೆಂಬುದನ್ನು, ಹಿಂದಿನ ಬೆಂಚುಗಳಲ್ಲಿ ಸುಮ್ಮನೆ ಪೆನ್ಸಿಲು ಹೆರೆಯುತ್ತ ಕೂಡುವವರನ್ನು ನೋಡಿದರೆ ತಿಳಿಯುತ್ತದೆ. ದೂರದಲ್ಲಿರುವ ತಂದೆಗೆ ಅರಳಿ ಎಲೆಯನ್ನು ಕಾಗದದ ಮಡಿಕೆಯಲ್ಲಿಟ್ಟು ಅಂಚೆಗೆ ಹಾಕಬಹುದು. ಅದಕ್ಕೆ ತೂಕವೇ ಇಲ್ಲ. ಉಳಿದವರಿಗಾಗಿ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕು: ನಿಮ್ಮ ಮನೆಯಲ್ಲಿ ಯಾರು ದುಡಿದು ತರುತ್ತಾರೋ ಅವರಿಗೆ, ಎಂದು. ಆಗ ಯಾರೂ ಹೊರಗುಳಿಯುವುದಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗ್ಗೆ ಎಂಟಕ್ಕೇ ಬುತ್ತಿ ಹಿಡಿದು ಹೊರಡುವ ತಾಯಿಗೂ ಮಣಿಕಟ್ಟಿಗೆ ಕಟ್ಟುವ ಸೂಜಿಮೆತ್ತೆ ಬೇಕು, ರಸೆಲ್ ಮಾರುಕಟ್ಟೆಯ ಮುಂದೆ ಹೂ ಕಟ್ಟುವ ಅಜ್ಜಿಗೂ ಲೆಕ್ಕದ ಪುಸ್ತಕ ಬೇಕು. ಅಜ್ಜಿಗೆ ಓದಲು ಬಾರದಿದ್ದರೆ ತಲೆಬರಹದ ಜಾಗದಲ್ಲಿ ಮಗು ಒಂದು ಮಲ್ಲಿಗೆ, ಒಂದು ಕನಕಾಂಬರ, ಒಂದು ಸೇವಂತಿಗೆ ಬರೆದುಕೊಡಲಿ. ಗೆರೆ ಎಳೆದು ಎಣಿಸುವುದು ಅವಳಿಗೆ ಬರುತ್ತದೆ.